ತೋಡಿನ ಆಚ ಕರೆಯ ಕಥೆ

ಮೊನ್ನೆ ಅಟ್ಟ ಉಡುಗುವಗ ಒಂದು ಹಳೇ ಪುಸ್ತಕ ಸಿಕ್ಕಿತ್ತು. ಸಾರಾ ಅಬೂಬಕ್ಕರ್ ಬರದ 'ಚಂದ್ರಗಿರಿಯ ತೀರದಲ್ಲಿ'. ಕರೆ ಇಡೀ ಒರಳೆ ತಿಂದಿತ್ತು. ಅದರ ಕಂಡಪ್ಪಗ ಎಂಗಳ ಮಡಿ ಅಜ್ಜಿಯ ನೆಂಪಾತು.

ಇದು ನಮ್ಮ ಕಾಸ್ರೋಡಿನ ಕಥೆ. ಸಾರಾ ಅಲ್ಲಿಯೇ 1936ರಲ್ಲಿ ಹುಟ್ಟಿದವು. ಮನೆಲಿ ಮಲೆಯಾಳ, ಶಾಲೆಲಿ ಕನ್ನಡ. ಆ ಊರಿನ ಮುಸ್ಲಿಂ ಕೂಸುಗಳಲ್ಲಿ ಶಾಲೆ ಕಲ್ತ ಮದಲಾಣವರಲ್ಲಿ ಅವೂ ಒಬ್ಬರು. ಮುಂದೆ ಕಲಿವಲೆ ಆಶೆ ಇದ್ದರೂ ಎಡಿಗಾಯಿದಿಲ್ಲೆ. 1956 ನವೆಂಬರ 1ಕ್ಕೆ ಕಾಸ್ರೋಡು ಕೇರಳಕ್ಕೆ ಸೇರಿತ್ತು. ಆದರೂ ಅವು ಬರದ್ದು ಕನ್ನಡಲ್ಲೇ. ಈ ಕಾದಂಬರಿ ಮದಾಲು ಬಂದದು ಲಂಕೇಶ್ ಪತ್ರಿಕೆಲಿ, ಧಾರಾವಾಹಿ ಆಗಿ.

ನಾದಿರಾ ಹೇಳ್ತ ಕೂಸು ಗೆಂಡ ರಶೀದನೊಟ್ಟಿಂಗೆ ಚೆಂದಕೆ ಇತ್ತು. ಅಪ್ಪ ಮಹಮ್ಮದ್ ಖಾನಂಗೆ ಪೈಸೆಯ ವಿಷಯಲ್ಲಿ ಅಳಿಯನ ಮೇಲೆ ಕೋಪ ಬಂತು. ಮಗಳ ಮನೆಲೇ ನಿಲ್ಲುಸಿ ತಲಾಖ್ ಮಾಡುಸಿದ. ಪುನಃ ಒಂದಾಯೆಕ್ಕಾರೆ ಅದು ಇನ್ನೊಬ್ಬನ ಮದುವೆ ಆಗಿ, ಅವ ಬಿಟ್ಟ ಮೇಲೆಯೇ ಅಕ್ಕಷ್ಟೆ ಹೇಳಿ ಕಟ್ಟಳೆ. ಕಡೆಂಗೆ ಎಂತಾತು ಹೇಳಿ ನಿಂಗಳೇ ಓದಿ.

ಆನು ಹೈಸ್ಕೂಲಿಲ್ಲಿಪ್ಪಗ ಹೊತ್ತೋಪಗ ಇದರ ಓದಿ ಹೇಳುದು. ಅಜ್ಜಿ ಬಾಗಿಲ ಒಳ ಕೂದು ಬತ್ತಿ ಹೊಸಗು. ತೋಡಿನ ಆಚ ಕರೆಯ ಉಮ್ಮ ಜೆಗಿಲಿಲಿ ಕೂದು ಎಲೆ ತಿಂಗು. ಇಬ್ರೂ ಒಂದೇ ಪ್ರಾಯ, ಜೀವದ ಚಙಾಯಿಗೊ. ಒಂದು ಒಳ ಬಪ್ಪಲಾಗ, ಇನ್ನೊಂದು ಹೆರ ಹೋಪಲಾಗ.

ಒಂದು ದಿನ ಆನು ತಿಳಿಯದ್ದೆ, "ಉಮ್ಮಾ, ನಿಂಗಳಲ್ಲಿ ಹೀಂಗೂ ಮಾಡ್ತವೋ?" ಕೇಳಿದೆ.

ಉಮ್ಮ ತಲೆ ತಗ್ಗುಸಿತ್ತು. ಅಜ್ಜಿ ಹೇಳಿತ್ತು, "ಎನ್ನ ಮಂಡೆ ಬೋಳುಸಿದ್ದಾರು ಕೂಸೇ? ಎನ್ನ ಅಪ್ಪನೇ. ಎನಗೆ ಹನ್ನೆರಡು ವರ್ಷ. ಗೆಂಡನ ಮೋರೆಯೂ ಸರೀ ನೆಂಪಿಲ್ಲೆ. ಅವರ ಮನೆದು ಮಾಂತ್ರ ಕಂಡತ್ತೋ ನಿನಗೆ?"

ಉಮ್ಮ ಬಾಯಿಲಿದ್ದ ಎಲೆಯ ಜಾಲಕರೆಲಿ ತುಪ್ಪಿಕ್ಕಿ ಬಂದು ಕೂದತ್ತು. ಅಜ್ಜಿಗೆ ಎಲೆ ತಿಂಬಲಾಗ ಹೇಳಿ ಅದಕ್ಕೆ ಗೊಂತಿತ್ತು.

ವಿಧವೆಯರು ಮತ್ತೆ ಮದುವೆ ಅಪ್ಪಲಕ್ಕು ಹೇಳ್ತ ಕಾನೂನು 1856ರಲ್ಲೇ ಬಂದಿತ್ತು, ಅಜ್ಜಿ ಹುಟ್ಟುವ ಎಷ್ಟೋ ಮದಲೇ. ಎಂಗಳ ಜಾಲಿಂಗೆ ಎತ್ತಿದ್ದಿಲ್ಲೆ. ಒಂದೇ ಉಸಿರಿಲ್ಲಿ ಮೂರು ತಲಾಖ್ ಹೇಳಿದರೆ ಆಗ ಹೇಳಿ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಸಾರಾ ಅದರ ಕಂಡವು; 2023ರ ಜನವರಿಲಿ ತೀರಿಹೋದವು.

ಈಗ ಕೆಲವು ಜನ ಈ ಪುಸ್ತಕವ ಆಚವರ ತೋರುಸಿ ನೆಗೆ ಮಾಡ್ಲೆ ಹಿಡಿತ್ತವು. ಸಾರಾ ದೇವರ ಬಯ್ದಿದವಿಲ್ಲೆ. ದೇವರ ಹೆಸರು ಹೇಳಿ ಹೆಮ್ಮಕ್ಕಳ ಬಾಯಿ ಮುಚ್ಚುಸುವ ಗೆಂಡುಮಕ್ಕಳ ಹಟವ, ಅವರವರ ಪೈಕಿಯೇ ನಿಂದು ಬರದವು. ನಮ್ಮ ಮನೆಯ ಕಥೆಯ ಹಾಂಗೆ ಬರವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಇತ್ತು?

ಪುಸ್ತಕಕ್ಕೆ ಹೊಸ ಚೌಕಟ್ಟು ಹಾಕಿ ಮಡುಗಿದ್ದೆ. ಮಗಳಿಂಗೆ ಓದ್ಲೆ.

ಒಂದೊಪ್ಪ: ಆಚ ಕರೆಯ ಕಸವು ಕಾಂಬಗ, ನಮ್ಮ ಜಾಲನ್ನೂ ಒಂದರಿ ಉಡುಗೆಕ್ಕು.