ಅರಸನ ಕಪಾಟು, ಲಕ್ಕಮ್ಮನ ಅಕ್ಕಿ

ಪರಸ್ಥಳದಲ್ಲಿ ನೆಲೆನಿಂತ ಕನ್ನಡಿಗರ ಮನೆಯನ್ನು ಅದರ ಅಟ್ಟದಿಂದಲೇ ಗುರುತಿಸಬಹುದು. ಊರು ಬಿಟ್ಟು ಬರುವಾಗ ತಂದ ತಗಡಿನ ಟ್ರಂಕು, ಅಜ್ಜಿಯ ಕಾಲದ ಹಿತ್ತಾಳೆ ಕೊಡ, ಯಾರ ಮದುವೆಯದೆಂದು ಯಾರಿಗೂ ನೆನಪಿಲ್ಲದ ಜಮಖಾನೆ, ಹಗ್ಗ ಕಟ್ಟಿದ ಪುಸ್ತಕದ ಗಂಟು, ಇವೆಲ್ಲವೂ ಅಲ್ಲಿ ಉಂಟು. ಕಾಚಿಗುಡ, ಬರ್ಕತ್‌ಪುರ, ಸುಲ್ತಾನ್ ಬಜಾರಿನ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗಿ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿರುವ ಈ ದಿನಗಳಲ್ಲಿ ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಇಳಿಯುತ್ತಿದೆ. ಹೊಸ ಮನೆಗೆ ಅಟ್ಟವಿಲ್ಲ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ಅತ್ತೆಗೂ ಸೊಸೆಗೂ ನಡುವಿನ ವಾದವಾಗಿ ಪರಿಣಮಿಸಿದೆ. ಮಕ್ಕಳು ಜಪಾನಿನ ಮಾರಿ ಕೊಂಡೊ ಎಂಬಾಕೆಯ ಪುಸ್ತಕವನ್ನು ಮುಂದಿಟ್ಟು, ಕಡಿಮೆ ಸಾಮಾನಿನಲ್ಲಿ ಬಾಳುವುದೇ ಈಗಿನ ಬುದ್ಧಿವಂತಿಕೆಯೆಂದು ಬೋಧಿಸುತ್ತಾರೆ. ಬೋಧೆಯೇನೋ ಒಳ್ಳೆಯದೇ. ಆದರೆ ಅದು ಹೊಸದೆಂದು ತಿಳಿಯುವವರಿಗೆ ನಮ್ಮ ಸೀಮೆಯ ಚರಿತ್ರೆಯಿಂದ ಒಂದೆರಡು ಸಂಗತಿಗಳನ್ನು ನೆನಪಿಸಬೇಕೆನಿಸುತ್ತದೆ.

ಅಶೋಕನ ಹೆಸರು ಮೊದಲಬಾರಿಗೆ ಸ್ಪಷ್ಟವಾಗಿ ಕಾಣಿಸಿಕೊಂಡ ಶಾಸನವು 1915ರಲ್ಲಿ ಸಿಕ್ಕಿದ್ದು ಅಂದಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಎಂಬುದನ್ನು ವಾಚಕರು ಬಲ್ಲರು. ಅದೇ ಅರಸನು ತನ್ನ ಮೂರನೆಯ ಶಿಲಾಶಾಸನದಲ್ಲಿ ತಂದೆತಾಯಿಗಳ ಸೇವೆ, ದಾನ, ಅಹಿಂಸೆಗಳನ್ನು ಹೇಳಿದ ಬಳಿಕ, ಕಡಿಮೆ ವೆಚ್ಚ ಮಾಡುವುದೂ ಕಡಿಮೆ ಕೂಡಿಡುವುದೂ ಒಳ್ಳೆಯದೆಂದು ಕೆತ್ತಿಸಿದ್ದಾನೆ. ಈ ಪಾಠವಿರುವ ಬಂಡೆಗಳಲ್ಲಿ ಒಂದು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಚಕ್ರವರ್ತಿಯು ಪ್ರಜೆಗಳ ಮನೆಯ ಸಾಮಾನನ್ನು ಕುರಿತು ಮಾತನಾಡಿದನೆಂದರೆ, ಅಂದೂ ಜನರ ಮನೆಗಳು ತುಂಬಿಹೋಗಿದ್ದವೆಂದೇ ಊಹಿಸಬೇಕು!

ಇನ್ನು ನಮ್ಮ ಭಾಗ್ಯನಗರಕ್ಕೆ ಬರೋಣ. ಹಳೆಯ ಪಟ್ಟಣದಲ್ಲಿ ದಾರುಲ್ ಷಿಫಾದ ಬಳಿ ಪುರಾನಿ ಹವೇಲಿ ಎಂಬ ಅರಮನೆಯಿದೆ. 1869ರಲ್ಲಿ, ಇನ್ನೂ ಮೂರು ವರ್ಷ ತುಂಬದ ಮಗುವಾಗಿರುವಾಗಲೇ ಪಟ್ಟಕ್ಕೆ ಬಂದು 1911ರವರೆಗೆ ಆಳಿದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಅಲ್ಲಿ ವಾಸವಾಗಿದ್ದರು. ಅವರ ಉಡುಪಿನ ಕೋಣೆಯನ್ನು ಇಂದಿಗೂ ನೋಡಬಹುದು. ಕೋಣೆಯೆಂದರೆ ಮಾತು ಸಾಲದು. ಅರಮನೆಯ ಒಂದು ಪಾರ್ಶ್ವದ ಉದ್ದಕ್ಕೂ ಎರಡು ಅಂತಸ್ತಿನಲ್ಲಿ ಕಪಾಟುಗಳ ಸಾಲು; ಮೇಲಿನ ಅಂತಸ್ತಿಗೆ ಹೋಗಲು ಕೈಯಿಂದ ತಿರುಗಿಸುವ ಮರದ ಲಿಫ್ಟು. ಒಮ್ಮೆ ತೊಟ್ಟ ಉಡುಪನ್ನು ಅವರು ಮತ್ತೆ ತೊಡುತ್ತಿರಲಿಲ್ಲವೆಂದು ಪಟ್ಟಣದಲ್ಲಿ ಈಗಲೂ ಹೇಳುತ್ತಾರೆ. ಹಾಗಿದ್ದಲ್ಲಿ ಅಷ್ಟೊಂದು ಕಪಾಟುಗಳು ಯಾತಕ್ಕೆ ಬೇಕಾಗಿದ್ದವೆಂಬ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಂತಿಲ್ಲ. ಮಹಬೂಬ್ ಅಲಿ ಖಾನರು ಧಾರಾಳಿಗಳು, 1908ರ ಮೂಸಿ ನದಿಯ ಮಹಾಪೂರದಲ್ಲಿ ಅರಮನೆಗಳ ಬಾಗಿಲನ್ನು ನಿರಾಶ್ರಿತರಿಗೆ ತೆರೆಸಿದವರು. ಆದುದರಿಂದ ಕಪಾಟಿನ ಉದ್ದವೊಂದರಿಂದಲೇ ಮನುಷ್ಯನನ್ನು ಅಳೆಯುವುದು ನ್ಯಾಯವಲ್ಲ.

ಅವರ ಮಗ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಥೆ ಇದಕ್ಕೆ ತೀರ ವಿರುದ್ಧವಾದುದು. ಜಗತ್ತಿನಲ್ಲೇ ಅತ್ಯಂತ ಶ್ರೀಮಂತರೆಂದು 1937ರ ಫೆಬ್ರವರಿಯಲ್ಲಿ ಅಮೇರಿಕದ ಟೈಮ್ ಪತ್ರಿಕೆಯು ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಅವರಾದರೋ ಕಿಂಗ್ ಕೋಠಿಯಲ್ಲಿ ಮಾಸಿದ ಶೇರ್ವಾನಿ, ಹಳೆಯ ಟೊಪ್ಪಿಗೆಗಳಲ್ಲೇ ಕಾಲ ಕಳೆದರು. ತಂದೆಯ ಜೋಡಿನ ತುದಿಯಲ್ಲಿ ಸಿಕ್ಕಿದ ಜೇಕಬ್ ವಜ್ರವನ್ನು ಕಾಗದಗಳು ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದರೆಂದು ಪ್ರತೀತಿ. ವಜ್ರದ ತೂಕ 184.75 ಕ್ಯಾರಟ್. 1995ರಲ್ಲಿ ಭಾರತ ಸರ್ಕಾರವು ಇದೂ ಸೇರಿದಂತೆ ನಿಜಾಮರ ಆಭರಣಗಳನ್ನು 218 ಕೋಟಿ ರೂಪಾಯಿಗೆ ಕೊಂಡಿತು. ಹರಿದ ಕಾಲುಚೀಲವನ್ನು ತೊಟ್ಟು ಪೆಟ್ಟಿಗೆಗಳಿಗೆ ಬೀಗ ಜಡಿದ ಈ ಬಾಳನ್ನು ಸರಳ ಜೀವನವೆಂದು ಹೊಗಳುವವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಉಡುಪು ಕಡಿಮೆಯಾದರೂ ಕೂಡಿಟ್ಟದ್ದು ಕಡಿಮೆಯಾಗಲಿಲ್ಲ. ಅವರ ರಜತ ಮಹೋತ್ಸವಕ್ಕೆ ಸಂಬಂಧಿಸಿದ ವಸ್ತುಗಳು ಈಗ ಪುರಾನಿ ಹವೇಲಿಯ ಸಂಗ್ರಹಾಲಯದಲ್ಲಿವೆ. 2018ರಲ್ಲಿ ಅಲ್ಲಿಂದ ವಜ್ರ ಕೂರಿಸಿದ ಚಿನ್ನದ ಊಟದ ಡಬ್ಬಿಯೊಂದು ಕಳುವಾಗಿ ಕೆಲವೇ ದಿನಗಳಲ್ಲಿ ಸಿಕ್ಕಿತು. ಅದರಲ್ಲಿ ನಿಜಾಮರು ಉಂಡಿದ್ದರೋ ಇಲ್ಲವೋ, ಕಳ್ಳರಲ್ಲೊಬ್ಬನು ಮಾತ್ರ ಉಂಡನೆಂದು ಆಗ ಸುದ್ದಿಯಾಯಿತು!

ಈ ಇಬ್ಬರು ಅರಸರ ನಡುವೆ ನಿಂತು, ಅವರಿಗಿಂತ ಏಳುನೂರು ವರ್ಷ ಹಿಂದೆ, ಮುಂದೆ ಇದೇ ಸಂಸ್ಥಾನಕ್ಕೆ ಸೇರಲಿದ್ದ ನೆಲದಲ್ಲಿ ಬಾಳಿದ ಒಬ್ಬ ಬಡ ಹೆಂಗಸನ್ನು ನೆನೆಯಬೇಕು. ಆಕೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ. ರಾಯಚೂರು ಜಿಲ್ಲೆಯ ಲಿಂಗಸುಗೂರು ಬಳಿಯ ಅಮರೇಶ್ವರದವರು; 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಬಂದು ನೆಲೆಸಿದರು. ನಮ್ಮಂತೆಯೇ ಹೊಟ್ಟೆಗಾಗಿಯೋ ನಂಬಿಕೆಗಾಗಿಯೋ ಊರು ಬಿಟ್ಟು ಬಂದವರು. ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ನೀಡಿ ತಾವು ಉಣ್ಣುವುದು ದಂಪತಿಗಳ ದಾಸೋಹ.

ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಇವರ ಬಡತನವನ್ನು ಕಂಡು ಬೇಕೆಂದು ಹೆಚ್ಚು ಚೆಲ್ಲಿಸಿದರೆಂದೂ ಕಥೆಯುಂಟು. ಬೇರೆ ಯಾವ ಮನೆಯಲ್ಲಾದರೂ ಹೆಂಡತಿ ಸಂತೋಷದಿಂದ ಮಡಕೆಯ ಬಾಯಿ ತೆರೆಯುತ್ತಿದ್ದಳು. ಲಕ್ಕಮ್ಮನು ಮೊರವನ್ನು ನೋಡಿದಳು, ಗಂಡನನ್ನು ನೋಡಿದಳು. ಇಂದಿಗೆ ಬೇಕಾದುದನ್ನು ಉಳಿಸಿ ಮಿಕ್ಕುದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಆಶೆಯು ಅರಸರಿಗೆ ಸಲ್ಲಬಹುದು, ಭಕ್ತರಿಗೆ ಸಲ್ಲದು ಎಂಬ ಅರ್ಥದ ಆಕೆಯ ವಚನವು ಪ್ರಸಿದ್ಧವಾಗಿದೆ. ಮಾರಯ್ಯನು ಮರಳಿ ಹೋಗಿ ಅಕ್ಕಿಯನ್ನು ಸುರಿದು ಬಂದನು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಲಕ್ಕಮ್ಮನು ಅಕ್ಕಿಯನ್ನು ಬಿಟ್ಟದ್ದು ಮನೆ ಚೆಂದ ಕಾಣಲೆಂದಲ್ಲ. ತನ್ನ ಮನೆಯಲ್ಲಿ ಮಿಕ್ಕಿದ್ದು ಇನ್ನೊಬ್ಬರ ಅಂಗಳದ್ದು ಎಂಬ ಲೆಕ್ಕ ಆಕೆಯದು. ಇಂದಿನ ಸರಳತೆಯ ಬೋಧಕರಲ್ಲಿ ಅನೇಕರು ಈ ಲೆಕ್ಕವನ್ನು ಮರೆತಿದ್ದಾರೆ. ಹಳೆಯ ಹತ್ತು ಸೀರೆಗಳನ್ನು ಹೊರಗೆ ಹಾಕಿ ಅದೇ ವಾರ ಹೊಸ ನಾಲ್ಕನ್ನು ಕೊಂಡು ತರುವುದು ಯಾವ ಸರಳತೆಯೋ ನಾವರಿಯೆವು.

ಹಾಗೆಂದು ಅಟ್ಟ ತುಂಬಿಸಿದ ಹಿರಿಯರೆಲ್ಲರೂ ಆಶೆಬುರುಕರೇ? ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಪಟ್ಟಣದ ಸಾವಿರಾರು ಮನೆಗಳನ್ನು ಒಂದೇ ದಿನದಲ್ಲಿ ಬರಿದು ಮಾಡಿತು. ಮುಂದಿನ ವರ್ಷ ನಮ್ಮ ವಿಶ್ವೇಶ್ವರಯ್ಯನವರು ಬಂದು ಪ್ರವಾಹ ತಡೆಯುವ ಯೋಜನೆಯನ್ನು ಹಾಕಿಕೊಟ್ಟ ಸಂಗತಿ ಎಲ್ಲರಿಗೂ ಗೊತ್ತಿದೆ. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಎಷ್ಟೋ ಸಂಸಾರಗಳು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿ ಮುಂಬಯಿ, ಮದರಾಸು ಪ್ರಾಂತಗಳನ್ನು ಸೇರಿದವು. 1956ರ ನವೆಂಬರ್ 1ರಂದು ಸಂಸ್ಥಾನವು ಮೂರು ಪಾಲಾಗಿ, ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ಇಲ್ಲಿಯೇ ಉಳಿದ ಕನ್ನಡಿಗರು ನಿಂತ ನೆಲದಲ್ಲೇ ಪರಸ್ಥಳದವರಾದರು. ಒಮ್ಮೆ ಎಲ್ಲವನ್ನೂ ಬಿಟ್ಟು ಓಡಿದವರು ಆಮೇಲೆ ಒಂದು ಡಬ್ಬಿಯನ್ನೂ ಬಿಸಾಡಲಾರರು. ಅದು ಲೋಭವಲ್ಲ, ಭಯ. ಮನೆಯನ್ನು ಹಗುರ ಮಾಡಹೊರಟ ಸೊಸೆಯಂದಿರು ಟ್ರಂಕಿನ ಬೀಗಕ್ಕೆ ಕೈ ಹಾಕುವ ಮೊದಲು ಈ ಕಥೆಯನ್ನು ಅತ್ತೆಯಿಂದ ಒಮ್ಮೆ ಕೇಳಿದರೆ, ಅರ್ಧ ಬೀಗಗಳು ತಾವಾಗಿ ತೆರೆದಾವು.

ಅಲ್ಲದೆ ನಮ್ಮ ಹಳೆಯ ಮನೆಗಳಲ್ಲಿ ಬಟ್ಟೆಗೆ ಒಂದೇ ಜನ್ಮವಿರಲಿಲ್ಲ. ಇಳಕಲ್ ಸೀರೆ ಹಬ್ಬಕ್ಕೆ ಉಟ್ಟು, ದಿನಕ್ಕೆ ಉಟ್ಟು, ಸವೆದ ಮೇಲೆ ಕೂಸಿನ ತೊಟ್ಟಿಲ ಹಾಸಿಗೆಯಾಗಿ, ಕೊನೆಗೆ ಪದರ ಪದರವಾಗಿ ಹೊಲಿದ ಕೌದಿಯಾಗುತ್ತಿತ್ತು. ಧೋತರದ ಅಂಚು ದೀಪದ ಬತ್ತಿಗೆ. ಉತ್ತರ ಕರ್ನಾಟಕದ ಒಂದು ಕೌದಿಯನ್ನು ಬಿಚ್ಚಿ ನೋಡಿದರೆ ಮನೆತನದ ಮೂರು ತಲೆಮಾರಿನ ಉಡುಪು ಅಲ್ಲಿ ಸಿಕ್ಕೀತು. ನಿಜಾಮರ ಎರಡು ಅಂತಸ್ತಿನ ಕೆಲಸವನ್ನು ಅದೊಂದೇ ಮಾಡುತ್ತಿತ್ತು, ಚಳಿಗೆ ಹೊದೆಯಲೂ ಬರುತ್ತಿತ್ತು.

ಆದುದರಿಂದ ಸ್ಟೀಲಿನ ಪಾತ್ರೆಗಳೂ ಮುರಿದ ಕುರ್ಚಿಗಳೂ ಹೋಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಆತಂಕವು ಹಗ್ಗ ಕಟ್ಟಿದ ಆ ಪುಸ್ತಕದ ಗಂಟನ್ನು ಕುರಿತದ್ದು. ಮಕ್ಕಳಿಗೆ ಕನ್ನಡದ ಓದು ಬರದ ಮನೆಗಳಲ್ಲಿ ಅದು ಮೊದಲು ರದ್ದಿಯವನ ತಕ್ಕಡಿಗೆ ಹೋಗುತ್ತಿದೆ. ಇಲ್ಲಿ ಹಾಗೆ ಹೋದ ಹಳೆಯ ಕನ್ನಡ ಪುಸ್ತಕವನ್ನು ಮರಳಿ ಕೊಳ್ಳೋಣವೆಂದರೆ ಅಂಗಡಿಯಿಲ್ಲ.

ಲಕ್ಕಮ್ಮನ ಮಾತಾದರೂ ನಮಗೆ ದಕ್ಕಿದ್ದು ಹೇಗೆ? ಸುಮಾರು 25 ವಚನಗಳು ಆಕೆಯ ಹೆಸರಿನಲ್ಲಿ ಉಳಿದಿವೆ. ಓದಲು ಬಂದವರೂ ಬಾರದವರೂ ತಾಳೆಯ ಗರಿಯ ಕಟ್ಟುಗಳನ್ನು ಶತಮಾನಗಳ ಕಾಲ ಮನೆಗಳಲ್ಲಿ, ಮಠಗಳಲ್ಲಿ ಬಿಸಾಡದೆ ಇಟ್ಟಿದ್ದರು. ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಅಂತಹ ಕಟ್ಟುಗಳನ್ನು ಹುಡುಕಿ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆಯುವುದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಮನೆ ಹೋಯಿತು, ತಾಳೆಗರಿಗಳು ಉಳಿದವು.