ಹೆಬ್ಬೆರಳು ಕೇಳದ ಗುರುಗಳು

ಗುರು ಎಂದ ಕೂಡಲೇ ನಮ್ಮ ಕೇರಿಯ ಜನಕ್ಕೆ ದ್ರೋಣ ನೆನಪಾಗುತ್ತಾನೆ. ಒಂದು ದಿನವೂ ಪಾಠ ಹೇಳದೆ ದಕ್ಷಿಣೆ ಮಾತ್ರ ವಸೂಲಿ ಮಾಡಿದವನು ಆತ. ಹಾಗಾಗಿ ಗುರುಭಕ್ತಿ, ಗುರುಕೃಪೆ ಎಂಬ ಮಾತುಗಳನ್ನು ನಾವು ಅನುಮಾನದಿಂದಲೇ ನೋಡುತ್ತ ಬಂದಿದ್ದೇವೆ. ಆ ಅನುಮಾನ ನ್ಯಾಯವಾದದ್ದೇ. ಆದರೆ ಅದರ ಜೊತೆಗೆ ಇನ್ನೊಂದು ಕತೆಯೂ ನಮ್ಮ ನಡುವೆ ಬೆಳೆದಿದೆ: ಅಂಬೇಡ್ಕರ್ ಯಾರ ನೆರವೂ ಇಲ್ಲದೆ, ಒಬ್ಬರೇ ಓದಿ ಮೇಲೆ ಬಂದರು ಅನ್ನೋದು. ಕೇಳೋಕೆ ಚೆಂದ. ಆದರೆ ಪಿಯುಸಿಯಲ್ಲಿ ಫೇಲಾಗಿ ಮೂಲೆಯಲ್ಲಿ ಕೂತ ಹುಡುಗನಿಗೆ ಇದೇ ಕತೆ ಚಾಟಿಯಾಗುತ್ತದೆ. 'ಅವರಿಗೆ ಆಯ್ತಲ್ಲ, ನಿನಗೇನು ಬಂತು ರೋಗ?' ಅಂತ ಕೇಳುವವರಿಗೆ ಅದೊಂದು ನೆಪ. ಚರಿತ್ರೆ ಹೇಳುವುದೇ ಬೇರೆ.

ಮೊದಲ ಗುರು ಮನೆಯಲ್ಲೇ ಇದ್ದರು. ಸುಬೇದಾರ್ ರಾಮ್‌ಜಿ ಮುಂಬಯಿಯ ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಓದಲು ಎಬ್ಬಿಸುತ್ತಿದ್ದರು. ಮಗ ಕೇಳಿದ ಪುಸ್ತಕ ತರಲು ಹೆಣ್ಣುಮಕ್ಕಳ ಒಡವೆ ಅಡವಿಟ್ಟರು. ಅಕ್ಕಂದಿರ ಒಡವೆಯ ಋಣ ಯಾವ ಶಿಲಾಶಾಸನದಲ್ಲೂ ಇಲ್ಲ. ನಾವಾದರೂ ಅದನ್ನು ಬರೆದಿಡಬೇಕು.

ಎರಡನೆಯವರು ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಶಾಲಾ ಮಾಸ್ತರರು. ಚರ್ನಿ ರೋಡಿನ ಉದ್ಯಾನದಲ್ಲಿ ದಿನಾ ಕೂತು ಓದುವ ಹುಡುಗ ಅವರ ಕಣ್ಣಿಗೆ ಬಿದ್ದ. ಮಾತಾಡಿಸಿದರು. ಜಾತಿ ತಿಳಿದ ಮೇಲೆ ದೂರ ಸರಿಯಲಿಲ್ಲ. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ನಡೆದ ಸನ್ಮಾನದ ಸಭೆಯಲ್ಲಿ ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ನಲವತ್ತೊಂಬತ್ತು ವರ್ಷಗಳ ಮೇಲೆ, 1956ರಲ್ಲಿ, ನಾಗಪುರದಲ್ಲಿ ಲಕ್ಷಾಂತರ ಜನ ಆ ಬುದ್ಧನ ಕಡೆ ನಡೆದರು. ಮುಂದೆ ರಾಮ್‌ಜಿಯವರ ಕೈ ಬರಿದಾಗಿ ಕಾಲೇಜು ನಿಲ್ಲುವ ಹಾಗಾದಾಗ ಇದೇ ಕೇಳೂಸ್ಕರ್ ಮುಂದೆ ಬಂದು ಬರೋಡಾದ ಸಯಾಜಿರಾವ್ ಗಾಯಕವಾಡರನ್ನು ಕೇಳಿಕೊಂಡರು. ತಿಂಗಳಿಗೆ 25 ರೂಪಾಯಿ ವೇತನ ಸಿಕ್ಕಿತು. 1912ರಲ್ಲಿ ಬಿ.ಎ. ಮುಗಿಯಿತು. ಮಾಸ್ತರರ ಹತ್ತಿರ ದುಡ್ಡಿರಲಿಲ್ಲ, ದುಡ್ಡಿದ್ದವರ ಬಾಗಿಲು ಗೊತ್ತಿತ್ತು. ನಮ್ಮ ಮಕ್ಕಳಿಗೆ ಇಲ್ಲದ್ದು ಬುದ್ಧಿಯಲ್ಲ, ಆ ಬಾಗಿಲಿನ ವಿಳಾಸ. ಮೇಲ್ಜಾತಿಯ ಹುಡುಗನಿಗೆ ಅದನ್ನು ಮಾವ ಹೇಳುತ್ತಾನೆ, ದೊಡ್ಡಪ್ಪ ಹೇಳುತ್ತಾನೆ. ಕೂಲಿಯವನ ಮಗನಿಗೆ ಹೇಳೋರು ಯಾರು?

1913ರಲ್ಲಿ ಬರೋಡಾದ ವೇತನದ ಮೇಲೆಯೇ ಅವರು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಜಾನ್ ಡ್ಯೂಯಿ, ಎಡ್ವಿನ್ ಸೆಲಿಗ್ಮನ್ ಮೊದಲಾದವರು ಕಲಿಸಿದರು. 1916ರಲ್ಲಿ ಲಂಡನ್ನಿಗೆ ಹೊರಟಾಗ ಸೆಲಿಗ್ಮನ್ ಅಲ್ಲಿಯ ವಿದ್ವಾಂಸರಿಗೆ ಪರಿಚಯದ ಕಾಗದ ಬರೆದುಕೊಟ್ಟರು. ಲಂಡನ್ನಿನಲ್ಲಿ ಎಡ್ವಿನ್ ಕ್ಯಾನನ್ ಗುರುವಾದರು. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪುಸ್ತಕ ಅಚ್ಚಾದಾಗ ಮುನ್ನುಡಿ ಬರೆದವರು ಈ ಕ್ಯಾನನ್. ಶಿಷ್ಯ ಹೇಳಿದ್ದರಲ್ಲಿ ಎಷ್ಟೋ ತಮಗೆ ಒಪ್ಪಿಗೆಯಿಲ್ಲ ಎಂದು ಆ ಮುನ್ನುಡಿಯಲ್ಲೇ ಬರೆದರು. ಒಪ್ಪದೆಯೂ ಬೆನ್ನಿಗೆ ನಿಂತರು. ದ್ರೋಣನಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೆ: ಒಬ್ಬ ತನ್ನ ರಾಜಪುತ್ರನನ್ನು ಮೀರಿದವನ ಬೆರಳು ಕೇಳಿದ, ಇನ್ನೊಬ್ಬ ತನ್ನ ಮಾತನ್ನೇ ಮೀರಿದವನ ಪುಸ್ತಕಕ್ಕೆ ಹೆಸರು ಕೊಟ್ಟ.

ಇಷ್ಟಾದರೂ ಕತೆ ಸುಖಾಂತ ಅಲ್ಲ. ವೇತನದ ಕರಾರಿನ ಪ್ರಕಾರ ಹತ್ತು ವರ್ಷ ಬರೋಡಾ ಸಂಸ್ಥಾನದ ಚಾಕರಿ ಮಾಡಬೇಕಿತ್ತು. 1917ರಲ್ಲಿ ಅಲ್ಲಿಗೆ ಹೋದರು. ಮಹಾರಾಜ ಹುದ್ದೆ ಕೊಟ್ಟ, ಊರು ಮನೆ ಕೊಡಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಹಿಂದೂ ಸ್ನೇಹಿತ, ಕ್ರೈಸ್ತ ಸ್ನೇಹಿತ ಇಬ್ಬರೂ ಜಾಗ ಕೊಡಲು ಹಿಂಜರಿದರು. ಕೊಲಂಬಿಯಾದಲ್ಲಿ ಓದಿ ಬಂದ ಪಂಡಿತ ಮರದ ಕೆಳಗೆ ಕೂತು ಅತ್ತು, ಮುಂಬಯಿಯ ರೈಲು ಹತ್ತಿದರು. ದೊರೆಯ ಔದಾರ್ಯ ಎಷ್ಟು ದೊಡ್ಡದಿದ್ದರೂ ಅದು ಜಾತಿಯ ಗೋಡೆ ಒಡೆಯುವುದಿಲ್ಲ, ಒಬ್ಬನನ್ನು ಎತ್ತಿ ಗೋಡೆಯಾಚೆ ಇಡುತ್ತದೆ ಅಷ್ಟೆ. ಆಚೆ ಇದ್ದವರು ಅವನನ್ನು ಮತ್ತೆ ಈಚೆಗೆ ಎಸೆಯುತ್ತಾರೆ.

ಇದನ್ನು ಅರಿತವರು ಕೊಲ್ಲಾಪುರದ ಶಾಹೂ ಮಹಾರಾಜರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿಟ್ಟವರು ಅವರು. ಅವರ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬ ದಲಿತನನ್ನು ಸವರ್ಣೀಯರ ನೀರು ಮುಟ್ಟಿದ ಅಂತ ಹೊಡೆದರು. ಶಾಹೂ ಹೊಡೆದವರನ್ನು ಶಿಕ್ಷಿಸಿದರು. ಅಲ್ಲಿಗೇ ಬಿಡದೆ ಗಂಗಾರಾಮನಿಗೆ ಸ್ವಂತ ದುಡಿಮೆಗೆ ದಾರಿ ಮಾಡಿಕೊಟ್ಟು ಕೊಲ್ಲಾಪುರದಲ್ಲಿ ಚಹಾದ ಅಂಗಡಿ ಹಾಕಿಸಿದರು. ಅಸ್ಪೃಶ್ಯ ಕಾಸಿದ ಚಹಾ ಯಾರು ಕುಡಿಯುತ್ತಾರೆ? ಗಿರಾಕಿ ಬರಲಿಲ್ಲ. ಆಗ ಮಹಾರಾಜರೇ ಗಾಡಿ ನಿಲ್ಲಿಸಿ ಆ ಅಂಗಡಿಯ ಚಹಾ ಕುಡಿದರು, ಜೊತೆಗಿದ್ದ ದೊಡ್ಡ ಮನುಷ್ಯರಿಗೂ ಕುಡಿಸಿದರು. ಸಾಲ ಕೊಡುವುದು ಸುಲಭ. ಗಿರಾಕಿಯಾಗುವುದು ಕಷ್ಟ. ಇವತ್ತು ನಮ್ಮ ಹುಡುಗ ನಿಗಮದ ಸಾಲ ತಂದು ಹೋಟೆಲ್ಲು ಹಾಕಿದರೆ, ಅಭಿನಂದನೆ ಹೇಳಿದವರೆಲ್ಲ ಅಲ್ಲಿ ಊಟಕ್ಕೆ ಕೂರುತ್ತಾರೆಯೇ? ಅದನ್ನು ಕೇಳಿಕೊಳ್ಳಬೇಕು.

ಇದೇ ಶಾಹೂ 1920ರ ಮಾರ್ಚಿಯಲ್ಲಿ ಮಾಣಗಾಂವ್ ಸಮ್ಮೇಳನಕ್ಕೆ ಬಂದು, ಅಸ್ಪೃಶ್ಯರಿಗೆ ಅವರದೇ ನಾಯಕ ಸಿಕ್ಕಿದ್ದಾನೆ ಎಂದು ಸಾರಿದರು. ತಾನೇ ನಾಯಕನಾಗಲು ಹೋಗಲಿಲ್ಲ. ನೆರವು ಕೊಟ್ಟು ಪಕ್ಕಕ್ಕೆ ಸರಿದು ನಿಲ್ಲುವುದು ಎಷ್ಟು ಜನಕ್ಕೆ ಬರುತ್ತದೆ?

ಅಂಬೇಡ್ಕರ್ ಈ ಎಲ್ಲ ಅನುಭವದಿಂದ ತೆಗೆದ ಪಾಠ ದೊಡ್ಡದು. ಒಬ್ಬ ಕೇಳೂಸ್ಕರ್ ಒಬ್ಬ ಭೀಮರಾಯನನ್ನು ಕಂಡರು. ಉದ್ಯಾನಕ್ಕೇ ಬರಲಾಗದ ಸಾವಿರ ಮಕ್ಕಳ ಗತಿ? ಹಾಗಾಗಿ ಅದೃಷ್ಟದ ಜಾಗದಲ್ಲಿ ಅವರು ಸಂಸ್ಥೆಯನ್ನು ಇಟ್ಟರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ, 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು. 1928ರ ನಂತರ ಪಣವೇಲ, ಠಾಣೆ, ನಾಸಿಕ, ಪುಣೆಗಳ ಜೊತೆಗೆ ನಮ್ಮ ಧಾರವಾಡದಲ್ಲೂ ಹಾಸ್ಟೆಲು ಎದ್ದಿತು. ಧಾರವಾಡದ ಹಾಸ್ಟೆಲನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನ ಕಾಲೇಜು. ಮುಂದೆ ಮಿಲಿಂದ ಎಂದು ಹೆಸರಾದ ಆ ಕಾಲೇಜಿನ ಅಂಗಳದಲ್ಲೇ ಮರಾಠಿ ದಲಿತ ಸಾಹಿತ್ಯ ಬೇರೂರಿತು. ಹಾಸ್ಟೆಲೆಂದರೆ ಬರೀ ಅನ್ನ, ಚಾಪೆ ಅಲ್ಲ. ಹಿರಿಯ ಹುಡುಗ ಕಿರಿಯನಿಗೆ 'ಈ ಫಾರಂ ತುಂಬು, ಈ ಪುಸ್ತಕ ಓದು, ಆ ಮೇಷ್ಟ್ರಿಗೆ ಹೆದರಬೇಡ' ಅಂತ ಹೇಳುವ ಜಾಗ ಅದು. ಆ ಜಾಗದಲ್ಲಿ ಗುರು ಒಬ್ಬನಲ್ಲ, ಸಾಲು ಸಾಲು.

ಈಗ ಆ ಸಾಲು ಮುಂದುವರಿದಿದೆಯೇ? ದೆಹಲಿಯ ದೊಡ್ಡ ವೈದ್ಯಕೀಯ ಸಂಸ್ಥೆಯಲ್ಲಿ ನಮ್ಮ ಮಕ್ಕಳ ಪಾಡೇನು ಎಂದು ವಿಚಾರಿಸಿದ ಥೋರಾಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಬೇರೆಯವರಿಗೆ ಸಿಗುವ ಅಧ್ಯಾಪಕರ ಬೆಂಬಲ ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ಸಿಗುತ್ತಿಲ್ಲ ಅನ್ನೋದು ಅದರಲ್ಲಿ ದಾಖಲಾಯಿತು. ಸೀಟು ಸಿಕ್ಕಿತು, ಮೇಷ್ಟ್ರು ಸಿಗಲಿಲ್ಲ. ಮೀಸಲಾತಿ ಬಾಗಿಲು ತೆಗೆಸುತ್ತದೆ. ಒಳಗೆ ಬಂದವನಿಗೆ ಕೂರಲು ಜಾಗ ತೋರಿಸುವುದು ಮನುಷ್ಯರ ಕೆಲಸ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಕೇರಿಯಿಂದ ಎದ್ದು ಕೆಲಸಕ್ಕೆ ಸೇರಿದ ಅಣ್ಣಂದಿರೇ, ಅಕ್ಕಂದಿರೇ, ನಾವು ಕೇಳುತ್ತಿರುವುದು ದಾನ ಅಲ್ಲ. ಒಂದು ಕಾಗದ ಬರೆದುಕೊಡಿ. ಒಂದು ಕಚೇರಿಗೆ ಜೊತೆಗೆ ಹೋಗಿ. ನಮ್ಮವರ ಅಂಗಡಿಯಲ್ಲಿ ಚಹಾ ಕುಡಿಯಿರಿ. ಕಾಯಿದೆಯ ಪ್ರಕಾರ ಬರಬೇಕಾದ ವಿದ್ಯಾರ್ಥಿವೇತನ ಬರದಿದ್ದರೆ ಹುಡುಗರ ಜೊತೆ ಬೀದಿಗೂ ಬನ್ನಿ. ಬದಲಿಗೆ ಕೃತಜ್ಞತೆ ಕೇಳಬೇಡಿ, ವಿಧೇಯತೆಯನ್ನಂತೂ ಕೇಳಲೇಬೇಡಿ. ಕಲಿತವನು ಇನ್ನೊಬ್ಬನನ್ನು ಕೈಹಿಡಿದು ಕರೆತರಲಿ ಎಂದಷ್ಟೇ ಕೇಳಿ. ನಮ್ಮ ಕಡೆಯ ಗುರುದಕ್ಷಿಣೆ ಅದೊಂದೇ.