ವಿಂಡ್‌ರಶ್ ಸಾಹಿತ್ಯ: ಸಾಮ್ರಾಜ್ಯ, ವಲಸೆ ಮತ್ತು ಪೌರತ್ವ

ಎಂಪೈರ್ ವಿಂಡ್‌ರಶ್ ಹಡಗಿನಿಂದ 1948ರ ಜೂನ್ 22ರಂದು ಲಂಡನ್ ಸಮೀಪದ ಟಿಲ್ಬರಿಯಲ್ಲಿ ಇಳಿದ ಕೆರಿಬಿಯನ್ ಜನ ಕಾನೂನಿನ ಲೆಕ್ಕದಲ್ಲಿ ಬ್ರಿಟಿಷ್ ಪ್ರಜೆಗಳೇ ಆಗಿದ್ದರು. ಅದೇ ವರ್ಷ ಅಂಗೀಕಾರವಾದ ರಾಷ್ಟ್ರೀಯತಾ ಕಾಯ್ದೆ ಬ್ರಿಟನ್ನಿನವರನ್ನೂ ವಸಾಹತುಗಳವರನ್ನೂ ಒಂದೇ ಪೌರತ್ವದಡಿ ತಂದಿತು. ಹೀಗೆ ಬಂದವರೂ ಅವರ ಮಕ್ಕಳೂ ಬರೆದದ್ದನ್ನು ವಲಸೆ ಸಾಹಿತ್ಯವೆಂದು ಕರೆಯುವುದು ರೂಢಿ. ಆದರೂ ಹುಟ್ಟಿನಿಂದಲೇ ಅದು ಸಾಮ್ರಾಜ್ಯದ ಸಾಹಿತ್ಯ. ಒಡೆಯರ ಮನೆಗೆ ಬಂದು, ಈ ಮನೆ ಯಾರ ದುಡಿಮೆಯಿಂದ ಎದ್ದಿತು ಎಂದು ಕೇಳಿದವರ ಬರಹ.

ಆ ಪ್ರಶ್ನೆಗೆ ಬೇಕಾದ ಆಧಾರ ಹಡಗು ಬರುವ ಮೊದಲೇ ಸಿದ್ಧವಾಗಿತ್ತು. ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ‘ದಿ ಬ್ಲ್ಯಾಕ್ ಜ್ಯಾಕಬಿನ್ಸ್’ (1938) ಕೃತಿಯಲ್ಲಿ ಹೈಟಿಯ ಗುಲಾಮರ ಬಂಡಾಯವನ್ನು ಫ್ರೆಂಚ್ ಕ್ರಾಂತಿಯ ಪಕ್ಕದಲ್ಲಿಟ್ಟು ನೋಡಿದರು. ಮುಂದೆ ಸ್ವತಂತ್ರ ಟ್ರಿನಿಡಾಡಿನ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್, ಗುಲಾಮಗಿರಿಯ ಲಾಭವೇ ಇಂಗ್ಲೆಂಡಿನ ಕೈಗಾರಿಕೆಗೆ ಬಂಡವಾಳ ಒದಗಿಸಿತೆಂದು ‘ಕ್ಯಾಪಿಟಲಿಸಂ ಅಂಡ್ ಸ್ಲೇವರಿ’ (1944)ಯಲ್ಲಿ ವಾದಿಸಿದರು. ಅವರ ಲೆಕ್ಕಾಚಾರದ ಬಗ್ಗೆ ಇತಿಹಾಸಕಾರರ ತಕರಾರು ಇನ್ನೂ ನಿಂತಿಲ್ಲ. ಪ್ರಶ್ನೆಯನ್ನು ಮಾತ್ರ ಯಾರಿಂದಲೂ ತಳ್ಳಿಹಾಕಲು ಆಗಿಲ್ಲ.

ಕತೆಗಾರರನ್ನು ಬೆಳೆಸಿದ್ದು ಬಿಬಿಸಿಯ ‘ಕೆರಿಬಿಯನ್ ವಾಯ್ಸಸ್’ ಎಂಬ ರೇಡಿಯೋ ಕಾರ್ಯಕ್ರಮ. ಜಮೈಕಾದ ಯೂನಾ ಮಾರ್ಸನ್ 1943ರಲ್ಲಿ ಆರಂಭಿಸಿದ ಇದು 1958ರವರೆಗೆ ನಡೆಯಿತು. ದ್ವೀಪಗಳಲ್ಲಿ ಬರೆದ ಕತೆ ಲಂಡನ್ನಿಗೆ ಹೋಗಿ, ಅಲ್ಲಿಂದ ಬಾನುಲಿಯಲ್ಲಿ ದ್ವೀಪಗಳಿಗೇ ಮರಳುತ್ತಿತ್ತು. ಬಾರ್ಬಡೋಸಿನ ಜಾರ್ಜ್ ಲ್ಯಾಮಿಂಗ್ ಮತ್ತು ಟ್ರಿನಿಡಾಡಿನ ಸ್ಯಾಮ್ ಸೆಲ್ವನ್ 1950ರಲ್ಲಿ ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದರು. ಲ್ಯಾಮಿಂಗ್ ಅವರ ‘ದಿ ಎಮಿಗ್ರೆಂಟ್ಸ್’ (1954) ಆ ಪಯಣದ ಗಂಭೀರ, ತುಸು ಕಠಿಣವೇ ಆದ ಕಾದಂಬರಿ.

ಹೆಚ್ಚು ಕಾಲ ಬಾಳಿದ್ದು ಸೆಲ್ವನ್ ಅವರ ‘ದಿ ಲೋನ್ಲಿ ಲಂಡನರ್ಸ್’ (1956). ತಂದೆಯ ಕಡೆಯಿಂದ ಭಾರತೀಯ ಮೂಲದ ಈ ಲೇಖಕ, ಪಾತ್ರಗಳ ಮಾತನ್ನಷ್ಟೇ ಅಲ್ಲದೆ ಇಡೀ ನಿರೂಪಣೆಯನ್ನೇ ಕೆರಿಬಿಯನ್ ಆಡುಮಾತಿಗೆ ಒಪ್ಪಿಸಿದರು. ನಗಿಸುತ್ತಲೇ ಸಾಗುವ ಕಾದಂಬರಿ ಅನ್ಯಾಯವನ್ನು ಸಣ್ಣ ಸಣ್ಣ ಸಂಗತಿಗಳಲ್ಲಿ ಹಿಡಿಯುತ್ತದೆ. ಉದ್ಯೋಗ ಕಚೇರಿಯ ಕಾರ್ಡಿನ ಮೇಲೆ ಅರ್ಜಿದಾರ ಕರಿಯನೆಂಬ ಗುರುತನ್ನು ಮೊದಲೇ ಬರೆದಿಟ್ಟಿರುತ್ತಾರೆ. ಎದುರಿಗೆ ನಿಲ್ಲಿಸಿಕೊಂಡು ಇಲ್ಲವೆನ್ನುವ ಮುಜುಗರ ಮಾಲೀಕನಿಗೆ ತಪ್ಪುತ್ತದೆ. ಚಳಿಗಾಲದಲ್ಲಿ ಹಸಿದ ಗ್ಯಾಲಹಾಡ್ ಎಂಬ ವಲಸಿಗ ಪಾರ್ಕಿನಲ್ಲಿ ಪಾರಿವಾಳ ಹಿಡಿಯುತ್ತಾನೆ. ಕಂಡ ಹೆಂಗಸಿನ ಕನಿಕರವೆಲ್ಲ ಹಕ್ಕಿಯ ಮೇಲೆ. ಇಲ್ಲಿ ಬೈಯುವ ಖಳನಾಯಕನಿಗಿಂತ ಕಾರ್ಡು, ಬಾಡಿಗೆ ಕೋಣೆ, ಗುಮಾಸ್ತನ ವಿನಯ ಇವೇ ಹೆಚ್ಚು ಅಪಾಯಕಾರಿ. ಈ ಒಳನೋಟಕ್ಕೆ ಬಂದ ಮನ್ನಣೆ ಕಡಿಮೆ. ಬಹುಕಾಲ ವಿಮರ್ಶಕರು ಕಾದಂಬರಿಯ ಹಾಸ್ಯವನ್ನೂ ಭಾಷೆಯನ್ನೂ ಮೆಚ್ಚಿ ಅಲ್ಲಿಗೇ ನಿಂತರು.

ಕಾದಂಬರಿಗಳು ಬರುತ್ತಿದ್ದ ಹಾಗೆಯೇ ಕಾನೂನಿನ ಬಾಗಿಲು ಮುಚ್ಚುತ್ತ ಬಂತು. 1958ರಲ್ಲಿ ನಾಟಿಂಗ್ ಹಿಲ್‌ನಲ್ಲಿ ಕರಿಯರ ಮೇಲೆ ಹಲ್ಲೆಗಳಾದವು. 1962ರ ಕಾಯ್ದೆ ಕಾಮನ್‌ವೆಲ್ತ್ ಪ್ರಜೆಗಳ ಪ್ರವೇಶಕ್ಕೆ ಮಿತಿ ಹಾಕಿತು. ಕೆನ್ಯಾದ ಭಾರತೀಯರನ್ನು ತಡೆಯಲು ತರಾತುರಿಯಲ್ಲಿ ತಂದ 1968ರ ಕಾಯ್ದೆ, ತಂದೆತಾಯಿ ಅಥವಾ ಅಜ್ಜಅಜ್ಜಿ ಬ್ರಿಟನ್ನಿನವರಾಗಿರಬೇಕೆಂಬ ಷರತ್ತು ಒಡ್ಡಿತು. 1973ರಲ್ಲಿ ಜಾರಿಗೆ ಬಂದ 1971ರ ಕಾಯ್ದೆ, ಅದಾಗಲೇ ನೆಲೆಸಿದ್ದವರ ಹಕ್ಕನ್ನೇನೋ ಉಳಿಸಿತು; ಅದಕ್ಕೆ ಕಾಗದಪತ್ರ ಕೊಡಲಿಲ್ಲ.

ಈ ಹೊತ್ತಿಗೆ ಬರಹಗಾರರು ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಂಡಿದ್ದರು. 1966ರಲ್ಲಿ ಜಾನ್ ಲಾ ರೋಸ್ ನ್ಯೂ ಬೀಕನ್ ಬುಕ್ಸ್ ಪ್ರಕಾಶನ ಸ್ಥಾಪಿಸಿದರು. ಅದೇ ವರ್ಷ ಬಂದ ಜೀನ್ ರೀಸ್ ಅವರ ‘ವೈಡ್ ಸಾರ್ಗಾಸೊ ಸೀ’, ‘ಜೇನ್ ಏರ್’ ಕಾದಂಬರಿಯ ಅಟ್ಟದ ಕೋಣೆಯಲ್ಲಿ ಹುಚ್ಚಿಯೆಂದು ಕೂಡಿಹಾಕಲಾದ ಕೆರಿಬಿಯನ್ ಹೆಂಡತಿಯ ಬಾಯಿಂದ ಕತೆ ಹೇಳಿಸಿತು. ಹಳೆಯ ಇಂಗ್ಲಿಷ್ ಕೃತಿಗಳನ್ನು ಹೀಗೆ ಮರುಓದುವ ಕೆಲಸ ವಿಮರ್ಶೆಯಲ್ಲೂ ನಡೆಯಿತು. ಎಡ್ವರ್ಡ್ ಸೈದ್ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ (1993)ನಲ್ಲಿ, ಜೇನ್ ಆಸ್ಟೆನ್ನರ ಮ್ಯಾನ್ಸ್‌ಫೀಲ್ಡ್ ಪಾರ್ಕ್ ಮನೆಗೂ ಆಂಟಿಗಾದ ತೋಟಗಳಿಗೂ ಇರುವ ನಂಟನ್ನು ಬಿಡಿಸಿ ತೋರಿಸಿದರು. ಆದರೆ ವಸಾಹತೋತ್ತರ ವಿಮರ್ಶೆ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದಷ್ಟೂ ಅದರ ಭಾಷೆ ಜಟಿಲವಾಯಿತು, ಬೀದಿ ದೂರವಾಯಿತು.

ಬೀದಿಗಿಳಿದದ್ದು ಬರ್ಮಿಂಗ್‌ಹ್ಯಾಮಿನ ಸಂಸ್ಕೃತಿ ಅಧ್ಯಯನ ಕೇಂದ್ರ. 1964ರಲ್ಲಿ ಅದು ಶುರುವಾದಾಗ ಯು. ಆರ್. ಅನಂತಮೂರ್ತಿ ಅದೇ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ‘ಸಂಸ್ಕಾರ’ ಬರೆದದ್ದೂ ಅಲ್ಲಿದ್ದಾಗಲೇ. ಜಮೈಕಾ ಮೂಲದ ಸ್ಟುವರ್ಟ್ ಹಾಲ್ ಮತ್ತು ಸಂಗಡಿಗರ ‘ಪೊಲೀಸಿಂಗ್ ದಿ ಕ್ರೈಸಿಸ್’ (1978), ಬೀದಿ ಸುಲಿಗೆಯ ಭಯವನ್ನು ಪತ್ರಿಕೆಗಳೂ ಪೊಲೀಸರೂ ಕರಿಯ ಹುಡುಗರ ತಲೆಗೆ ಕಟ್ಟಿದ ಬಗೆಯನ್ನು ವಿಶ್ಲೇಷಿಸಿತು. ಶ್ರೀಲಂಕಾದ ತಮಿಳರಾದ ಎ. ಶಿವಾನಂದನ್ ‘ರೇಸ್ ಅಂಡ್ ಕ್ಲಾಸ್’ ಪತ್ರಿಕೆಯ ಮೂಲಕ, ಬ್ರಿಟನ್ ವಸಾಹತುಗಳಿಗೆ ಹೋದದ್ದರಿಂದಲೇ ಅಲ್ಲಿನವರು ಇಲ್ಲಿಗೆ ಬಂದರೆಂಬ ನೇರ ವಾದವನ್ನು ಚಳವಳಿಗಾರರ ಕೈಗಿತ್ತರು.

ಆರಂಭದ ಕಾದಂಬರಿಗಳ ಲಂಡನ್ ಬಹುಪಾಲು ಒಂಟಿ ಗಂಡಸರದು. ಮಕ್ಕಳ ಅಳು ಅಲ್ಲಿ ಅಪರೂಪ. ನೈಜೀರಿಯಾದ ಬುಚಿ ಎಮೆಚೆಟಾ ‘ಸೆಕೆಂಡ್ ಕ್ಲಾಸ್ ಸಿಟಿಜನ್’ (1974)ನಲ್ಲಿ ಈ ಕೊರತೆ ತುಂಬಿದರು. ಅವರ ಅದಾ ಮನೆ ಮಾಲೀಕರ ವರ್ಣದ್ವೇಷವನ್ನೂ, ತನ್ನ ಹಸ್ತಪ್ರತಿ ಸುಟ್ಟುಹಾಕುವ ಗಂಡನನ್ನೂ ಒಟ್ಟಿಗೇ ಎದುರಿಸುತ್ತಾಳೆ. ಗಯಾನಾದ ಬೆರಿಲ್ ಗಿಲ್‌ರಾಯ್ ‘ಬ್ಲ್ಯಾಕ್ ಟೀಚರ್’ (1976)ನಲ್ಲಿ ಶಾಲೆಯ ಅನುಭವ ಬರೆದರು. ಸಂಸ್ಕೃತಿ ಅಧ್ಯಯನದ ಪ್ರಮುಖ ಚಿಂತಕ ಪಾಲ್ ಗಿಲ್‌ರಾಯ್ ಅವರ ಮಗ.

ಇಂಗ್ಲೆಂಡಿನಲ್ಲೇ ಬೆಳೆದ ಪೀಳಿಗೆಗೆ ಕಾವ್ಯ ಹತ್ತಿರವಾಯಿತು. ಅನುಮಾನದ ಮೇಲೆ ಯಾರನ್ನಾದರೂ ಹಿಡಿಯಲು ಪೊಲೀಸರು 1824ರ ಅಲೆಮಾರಿ ಕಾಯ್ದೆಯನ್ನು ಬಳಸುತ್ತಿದ್ದರು. ಲಿಂಟನ್ ಕ್ವೆಸಿ ಜಾನ್ಸನ್ ಅದರ ವಿರುದ್ಧ ಜಮೈಕಾದ ಆಡುಮಾತಿನಲ್ಲಿ, ರೆಗೆ ಲಯದಲ್ಲಿ ಕವಿತೆ ಕಟ್ಟಿದರು. 1981ರ ಜನವರಿಯಲ್ಲಿ ನ್ಯೂ ಕ್ರಾಸ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು 13 ಮಂದಿ ಎಳೆಯರು ಸತ್ತರು. ಏಪ್ರಿಲ್‌ನಲ್ಲಿ ಬ್ರಿಕ್ಸ್ಟನ್‌ನಲ್ಲಿ ಗಲಭೆ ಸಿಡಿಯಿತು. ನ್ಯೂ ಕ್ರಾಸ್ ಬೆಂಕಿಯ ದಾಖಲೆಗಳನ್ನು ಮುಂದೆ ಜೇ ಬರ್ನಾರ್ಡ್ ತೆರೆದು, 2017ರಲ್ಲಿ 72 ಜನರನ್ನು ಬಲಿ ಪಡೆದ ಗ್ರೆನ್‌ಫೆಲ್ ಟವರ್ ದುರಂತದ ಜೊತೆಗಿಟ್ಟು ‘ಸರ್ಜ್’ (2019) ಸಂಕಲನ ಬರೆದರು. ಹಳೆಯ ದಾಖಲೆಯಿಂದ ಇಂದಿನ ಅನ್ಯಾಯವನ್ನು ಓದುವ ಈ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2000ದ ನಂತರ ಪ್ರಶಸ್ತಿಗಳ ಕಾಲ. ವಿಂಡ್‌ರಶ್‌ನಲ್ಲಿ ಬಂದವರ ಮಗಳಾದ ಆಂಡ್ರಿಯಾ ಲೆವಿ ಅವರ ‘ಸ್ಮಾಲ್ ಐಲ್ಯಾಂಡ್’ (2004) ಆರೆಂಜ್ ಮತ್ತು ವಿಟ್‌ಬ್ರೆಡ್ ಪ್ರಶಸ್ತಿಗಳನ್ನು ಪಡೆಯಿತು. ಓದುಗರು ಹೆಚ್ಚಿದರು. ಆದರೆ ವಲಸೆಯ ಕತೆ ಮುಗಿದುಹೋದ ಕಷ್ಟದ, ಸುಖಾಂತ ಕಂಡ ಪರಂಪರೆಯೆಂಬ ಭಾವವೂ ಬೆಳೆಯಿತು. ಸರ್ಕಾರದ ನಡೆ ಬೇರೆಯೇ ಇತ್ತು. 2010ರಲ್ಲಿ ಗೃಹ ಇಲಾಖೆ ಹಳೆಯ ಆಗಮನ ಚೀಟಿಗಳನ್ನು ನಾಶಪಡಿಸಿತು. 2014 ಮತ್ತು 2016ರ ಕಾಯ್ದೆಗಳು ಮನೆ ಮಾಲೀಕ, ಉದ್ಯೋಗದಾತ, ಬ್ಯಾಂಕು ಎಲ್ಲರನ್ನೂ ವಲಸೆ ತಪಾಸಣೆಯ ಕೆಲಸಕ್ಕೆ ಹಚ್ಚಿದವು. ಮಕ್ಕಳಾಗಿ ಬಂದು ಅರ್ಧ ಶತಮಾನ ದುಡಿದವರು ಕಾಗದವಿಲ್ಲದೆ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕನಿಷ್ಠ 83 ಮಂದಿಯನ್ನು ದೇಶದಿಂದಲೇ ಹೊರಗೆ ಕಳಿಸಲಾಗಿತ್ತು. ಪತ್ರಿಕೆಗಳು ಇದನ್ನು ಬಯಲಿಗೆಳೆದ ಮೇಲೆ, 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಸೆಲ್ವನ್ ತೋರಿಸಿದ್ದ ಕಾರ್ಡಿನ ಆಡಳಿತ ಅರವತ್ತು ವರ್ಷಗಳ ಬಳಿಕ ಹೆಚ್ಚು ದಕ್ಷವಾಗಿ ಮರಳಿತ್ತು.

ಈ ಹಗರಣದ ಬೇರುಗಳನ್ನು ಹುಡುಕಲು ಗೃಹ ಇಲಾಖೆಯೇ ಇತಿಹಾಸಕಾರರೊಬ್ಬರಿಂದ ವರದಿ ಬರೆಸಿತು. 1950ರಿಂದ 1981ರವರೆಗಿನ ವಲಸೆ ಮತ್ತು ಪೌರತ್ವ ಕಾಯ್ದೆಗಳಿಗೆಲ್ಲ ಕಪ್ಪು ಮತ್ತು ಕಂದು ಮೈಬಣ್ಣದವರ ಸಂಖ್ಯೆ ತಗ್ಗಿಸುವ ಉದ್ದೇಶ ಭಾಗಶಃವಾದರೂ ಇತ್ತೆಂದು ಆ ವರದಿ ಹೇಳಿತು. ಇಲಾಖೆ ಅದನ್ನು ಹೊರಗೆ ಬಿಡಲಿಲ್ಲ. ನ್ಯಾಯಮಂಡಳಿಯ ಆದೇಶದ ನಂತರ, 2024ರ ಸೆಪ್ಟೆಂಬರ್‌ನಲ್ಲಿ ವರದಿ ಪ್ರಕಟವಾಯಿತು.